ಒಂದು ಕೋವಿ, ಹತ್ತು ಹೆಗಲು

ಗುರಿ ಮೈದಾನಕ್ಕೆ ಹೊರಟವರು ಎಷ್ಟು ಕೋವಿ ಒಯ್ಯಬೇಕು? ಒಲಿಂಪಿಕ್ಸ್‌ಗೆ ಹೊರಟವರಿಗೂ ಇದೇ ತಲೆಬಿಸಿ, ಕೊಡಗಿನ ಕೈಲ್ ಮುಹೂರ್ತ ಹಬ್ಬದ ತೆಂಗಿನಕಾಯಿಗೆ ಗುರಿಯಿಡುವವರಿಗೂ ಇದೇ ತಲೆಬಿಸಿ. ಒಂದೇ ಇದ್ದರೆ ಕೈಕೊಡುವ ಭಯ, ಎರಡಿದ್ದರೆ ಎರಡೂ ಕೈಗೆ ಹತ್ತದ ಕಷ್ಟ!

ಕಾಯಿ ಅಲುಗಲಿಲ್ಲ.

ಸೆಪ್ಟೆಂಬರಿನ ಮೊದಲ ವಾರ. ದಕ್ಷಿಣ ಕೊಡಗಿನ ಹಳ್ಳಿಯೊಂದರ ಮೈದಾನ. ಬೆಳಿಗ್ಗೆಯಿಂದ ಹಿಡಿದಿದ್ದ ಜಿಟಿಜಿಟಿ ಮಳೆ ಆಗಷ್ಟೇ ಬಿಟ್ಟಿತ್ತು. ನಾಟಿ ಮುಗಿದ ಗದ್ದೆಯ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಆಚೆ ಬದಿಯ ಮರದ ಎತ್ತರದ ಕವಲಿನಲ್ಲಿ ಒಂದು ತೆಂಗಿನಕಾಯಿ ಕಟ್ಟಿದ್ದರು. ಅದರ ಹಿಂದೆ ಬರೀ ಗುಡ್ಡ, ಕಾಡು.

.22 ರೈಫಲ್ಲು ‘ಟಪ್’ ಎಂದಿತು. ಹಸಿ ಕಡ್ಡಿ ಮುರಿದಷ್ಟೇ ಸದ್ದು. ಹೊಡೆದವನು ನಾಚಿ ನಕ್ಕ, ಕೋವಿಯನ್ನು ಮುಂದಿನವನ ಕೈಗಿತ್ತ. ಅದರ ಯಜಮಾನರು, ಎಪ್ಪತ್ತು ದಾಟಿದ ಹಿರಿಯರು, ಕುರ್ಚಿಯಲ್ಲಿ ಕೂತಲ್ಲಿಂದಲೇ ಹೇಳಿದರು: ‘ಅದು ಸ್ವಲ್ಪ ಬಲಕ್ಕೆ ಎಳೀತದೆ ಮಗಾ. ಕಾಯಿಯ ಎಡಗಡೆ ಅಂಚಿಗೆ ಹಿಡಿ.’

ಮಗ ಹಿಡಿದ. ಕಾಯಿ ಒಡೆದು ನೀರು ಸುರಿಯಿತು. ಮೈದಾನವಿಡೀ ಹೋ ಎಂದಿತು.

ಸಾಲಿನಲ್ಲಿ ಮೂವತ್ತಕ್ಕೂ ಮಿಕ್ಕಿ ಜನರಿದ್ದರು. ಪಂಚೆ ಉಟ್ಟವರು, ಜೀನ್ಸ್ ತೊಟ್ಟವರು, ಬೆಂಗಳೂರಿನಿಂದ ಎರಡು ದಿನದ ರಜೆ ಹಾಕಿ ಬಂದವರು, ಸೀರೆಯ ಸೆರಗು ಬಿಗಿದು ನಿಂತ ಹೆಂಗಸರು. ಮೇಜಿನ ಮೇಲೆ ಕೋವಿ ಮಾತ್ರ ನಾಲ್ಕೇ. ನಾಲ್ಕೂ ಕೈಯಿಂದ ಕೈಗೆ ದಾಟುತ್ತಿದ್ದವು. ಜತೆಗೆ ಅವುಗಳ ಗುಣ, ದೋಷ, ಹಟಗಳ ವರದಿಯೂ ಬಾಯಿಂದ ಬಾಯಿಗೆ ದಾಟುತ್ತಿತ್ತು.

ನನಗೆ ಬೆಂಗಳೂರಿನ ಗೆಳೆಯನ ನೆನಪಾಯಿತು. ಅವನದು ಇದರ ತಲೆಕೆಳಗು: ಒಬ್ಬನೇ ಮನುಷ್ಯ, ಮೂರು ಬಂದೂಕು.

ಡಿಕ್ಕಿ ತುಂಬ ಪೆಟ್ಟಿಗೆ

ಗೆಳೆಯನಿಗೆ ನಲವತ್ತರ ಮೇಲೆ ಈ ಹುಚ್ಚು ಹತ್ತಿತು. ಮೊದಲು ಏರ್ ರೈಫಲ್ ಕೊಂಡ. ಆರು ತಿಂಗಳಿಗೆ ಏರ್ ಪಿಸ್ತೂಲು ಬಂತು. ಆಮೇಲೆ ಕ್ಲಬ್ಬಿನ .22ರ ಮೇಲೂ ಕಣ್ಣು ಬಿತ್ತು. ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಹೋದ. ಕಾರಿನ ಡಿಕ್ಕಿಯಲ್ಲಿ ಎರಡು ಉದ್ದದ ಪೆಟ್ಟಿಗೆ, ಒಂದು ಗಿಡ್ಡ ಪೆಟ್ಟಿಗೆ, ಗಾಳಿ ತುಂಬುವ ಸಿಲಿಂಡರ್, ದಪ್ಪ ಜಾಕೆಟ್ಟು, ಬೂಟು. ಮದುವೆ ದಿಬ್ಬಣ ಹೊರಟಂತಿತ್ತು.

ಎರಡೂವರೆ ಗಂಟೆ ಅಲ್ಲಿದ್ದೆವು. ಜಾಕೆಟ್ ತೊಡಲು, ಬಿಚ್ಚಲು, ಸೈಟ್ ಹೊಂದಿಸಲು, ಗಾಳಿ ತುಂಬಲು, ರಿಜಿಸ್ಟರ್ ಬರೆಯಲು ಒಂದೂವರೆ ಗಂಟೆ ಹೋಯಿತು. ಉಳಿದ ಸಮಯದಲ್ಲಿ ರೈಫಲ್ಲಿನ ಕೈ ಪಿಸ್ತೂಲಿಗೆ ಹೋಯಿತು, ಪಿಸ್ತೂಲಿನ ಉಸಿರು ರೈಫಲ್ಲಿಗೆ ಬಂತು. ಹಾಳೆಯ ಮೇಲಿನ ತೂತುಗಳು ಸಂತೆಗೆ ಬಂದ ಜನರಂತೆ ದಿಕ್ಕಿಗೊಬ್ಬರಾಗಿ ನಿಂತಿದ್ದವು.

‘ಮುಂದಿನ ವಾರ ಒಂದನ್ನೇ ತರ್ತೀನಿ ಕಣೋ’ ಎಂದ. ಮುಂದಿನ ವಾರ ನಾಲ್ಕು ತಂದಿದ್ದನಂತೆ.

ಅವನ ಸಂಕಟ ಅವನೊಬ್ಬನದೇ ಅಲ್ಲ. ಪ್ರಪಂಚದ ಯಾವ ಶೂಟಿಂಗ್ ರೇಂಜಿಗೆ ಹೋದರೂ ಬಾಗಿಲಲ್ಲಿ ಈ ಪೆಟ್ಟಿಗೆಗಳ ಸಾಲು ಕಾಣುತ್ತದೆ. ಆಸೆಯೇನೋ ಸಹಜ. ಆದರೆ ಗುರಿ ಹೊಡೆಯುವುದು ಮೈಯ ನೆನಪಿನ ಕೆಲಸ. ಹೆಗಲಿಗೆ ಹಿಡಿ ಎಲ್ಲಿ ಕೂರಬೇಕು, ಕೆನ್ನೆ ಎಲ್ಲಿ ಒರಗಬೇಕು, ಕುದುರೆಯನ್ನು, ಅಂದರೆ ಟ್ರಿಗರನ್ನು, ಬೆರಳು ಎಷ್ಟು ಒತ್ತಿದರೆ ಅದು ಬಿಡುತ್ತದೆ, ಇಷ್ಟನ್ನೂ ಮೈ ಕಲಿಯಬೇಕು. ಏರ್ ಪಿಸ್ತೂಲಿನ ಕುದುರೆ 500 ಗ್ರಾಂ ತೂಕವನ್ನಾದರೂ ತಡೆಯಬೇಕೆಂದು ಅಂತರರಾಷ್ಟ್ರೀಯ ನಿಯಮ. 25 ಮೀಟರಿನ .22 ಪಿಸ್ತೂಲಿಗೆ ಅದು 1000 ಗ್ರಾಂ, ನೇರ ಇಮ್ಮಡಿ. ಒಂದರ ರುಚಿ ಹತ್ತಿದ ಬೆರಳು ಇನ್ನೊಂದರ ಮೇಲೆ ಹೋದ ಕೂಡಲೇ ತಬ್ಬಿಬ್ಬಾಗದೆ ಇರುತ್ತದೆಯೇ?

---

ಗುರಿ ಎಷ್ಟು ಸಣ್ಣದು?

- 10 ಮೀಟರ್ ಏರ್ ರೈಫಲ್: ಹತ್ತು ಅಂಕದ ನಡುಬೊಟ್ಟು ಅರ್ಧ ಮಿಲಿಮೀಟರ್. ಹೊಡೆಯುವ ಪೆಲೆಟ್ಟೇ 4.5 ಮಿಲಿಮೀಟರ್!
- 10 ಮೀಟರ್ ಏರ್ ಪಿಸ್ತೂಲ್: 11.5 ಮಿಲಿಮೀಟರ್.
- 50 ಮೀಟರ್ ರೈಫಲ್: 10.4 ಮಿಲಿಮೀಟರ್.
- 25 ಮೀಟರ್ ಪಿಸ್ತೂಲ್, ನಿಖರತಾ ಸುತ್ತು: 50 ಮಿಲಿಮೀಟರ್.
- ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಷಿಪ್‌ನ ಏರ್ ರೈಫಲ್ ಅರ್ಹತಾ ಸುತ್ತಿನಲ್ಲಿ 40 ಗುಂಡಿಗೆ 400 ಅಂಕ ಗಳಿಸಿದರು. ಆ ಅರ್ಧ ಮಿಲಿಮೀಟರನ್ನು ಅವರು ಒಮ್ಮೆಯೂ ತಪ್ಪಲಿಲ್ಲ.

---

ಟೋಕಿಯೊದಲ್ಲಿ ಮುರಿದ ಸನ್ನೆ

ಹಾಗಿದ್ದರೆ ಒಂದೇ ಸಾಕಲ್ಲ? ಸಾಕು ಎನ್ನುವವರ ಬಾಯಿ ಮುಚ್ಚಿಸಲು ಒಂದು ದಿನಾಂಕ ಇದೆ: 2021ರ ಜುಲೈ 25.

ಟೋಕಿಯೊ ಒಲಿಂಪಿಕ್ಸ್, ಅಸಾಕ ರೇಂಜ್. ಮಹಿಳೆಯರ 10 ಮೀಟರ್ ಏರ್ ಪಿಸ್ತೂಲ್ ಅರ್ಹತಾ ಸುತ್ತು. 75 ನಿಮಿಷದಲ್ಲಿ 60 ಗುಂಡು ಹೊಡೆಯಬೇಕು. ಹರಿಯಾಣದ ಮನು ಭಾಕರ್‌ಗೆ ಆಗ 19 ವರ್ಷ. ಮೊದಲ ಹತ್ತು ಗುಂಡಿಗೆ 98 ಅಂಕ ಬಂದಿತ್ತು. ಹುಡುಗಿ ಲಯದಲ್ಲಿದ್ದಳು.

ಎರಡನೇ ಹತ್ತರ ನಡುವೆ ಪಿಸ್ತೂಲು ಕೈಕೊಟ್ಟಿತು. ಒಂದೊಂದು ಪೆಲೆಟ್ ತುಂಬುವಾಗಲೂ ತೆರೆದು ಮುಚ್ಚುವ ಕಾಕಿಂಗ್ ಲಿವರ್ ಮುರಿದಿತ್ತು. ತೀರ್ಪುಗಾರರಿಗೆ ತಿಳಿಸಿ, ಪಿಸ್ತೂಲು ಹೊತ್ತು ರಿಪೇರಿಗೆ ಓಡಬೇಕಾಯಿತು. ಗಡಿಯಾರ ಅವಳಿಗಾಗಿ ನಿಲ್ಲಲಿಲ್ಲ. ಕಾಲು ಗಂಟೆಗೂ ಹೆಚ್ಚು ಹೊತ್ತು ಹೋಯಿತು. ಮರಳಿ ನಿಂತಾಗ ಇನ್ನೂ 44 ಗುಂಡು ಬಾಕಿ.

ಆ ಅವಸರದಲ್ಲೂ ಅವಳು 575 ಅಂಕ ಮುಟ್ಟಿದಳು. ಎಂಟನೆಯವಳಾಗಿ ಫೈನಲ್ ಸೇರಿದವಳದು 577. ಎರಡೇ ಅಂಕದಲ್ಲಿ ಮನು ಹನ್ನೆರಡನೆಯ ಸ್ಥಾನಕ್ಕೆ ಇಳಿದಳು.

ಮರುದಿನ ಊರೆಲ್ಲ ಒಂದೇ ಪ್ರಶ್ನೆ: ಬದಲಿ ಪಿಸ್ತೂಲು ಇರಲಿಲ್ಲವೇ?

ಇತ್ತು. ಆದರೂ ಮುರಿದದ್ದನ್ನೇ ಸರಿಮಾಡಿಸಿ ಹಿಡಿಯಲು ತೀರ್ಮಾನವಾಯಿತು. ಚಹಾದಂಗಡಿಯಲ್ಲಿ ಕೂತು ‘ಇದೆಂಥ ಮೂರ್ಖತನ’ ಎಂದವರ ಪೈಕಿ ನಾನೂ ಒಬ್ಬ. ಪಿಸ್ತೂಲು ಹಿಡಿಯುವವರ ಜತೆ ನಾಲ್ಕು ದಿನ ಓಡಾಡಿದ ಮೇಲೆ ಆ ಮಾತನ್ನು ನುಂಗಿಕೊಂಡೆ.

ಸ್ಪರ್ಧೆಯ ಪಿಸ್ತೂಲಿನ ಹಿಡಿ ಅಂಗಡಿಯಲ್ಲಿ ಸಿಕ್ಕಿದ ಹಾಗೇ ಉಳಿಯುವುದಿಲ್ಲ. ಅಂಗೈಯ ಉಬ್ಬುತಗ್ಗಿಗೆ ತಕ್ಕಂತೆ ಮರ ಕೆತ್ತಿ, ಉಜ್ಜಿ, ಎಲ್ಲಿ ಸಡಿಲವೋ ಅಲ್ಲಿಗೆ ಪುಟ್ಟಿ ಮೆತ್ತಿ, ತಿಂಗಳುಗಟ್ಟಲೆ ಹದ ಮಾಡುತ್ತಾರೆ. ಹಳೆ ಎಕ್ಕಡ ಕಾಲಿಗೆ ಹೊಂದಿಕೊಂಡಂತೆ ಅದು ಕೈಗೆ ಹೊಂದಿಕೊಳ್ಳುತ್ತದೆ. ಅದೇ ಕಂಪನಿ, ಅದೇ ಮಾದರಿ, ಅದೇ ವರ್ಷದ ಇನ್ನೊಂದು ಪಿಸ್ತೂಲು ಕೊಟ್ಟರೂ ಅದು ಬೇರೆಯವರ ಎಕ್ಕಡವೇ. ಸೈಟ್ ಹೊಂದಿಸಬೇಕು, ಕುದುರೆಯ ತೂಕ ನೋಡಬೇಕು, ನಾಲ್ಕು ಗುಂಡು ಹೊಡೆದು ನಂಬಿಕೆ ಬರಬೇಕು. ಅದೂ ಗಡಿಯಾರ ಓಡುತ್ತಿರುವಾಗ.

ಬದಲಿ ಎಂದರೆ ಪೆಟ್ಟಿಗೆಯಲ್ಲಿ ಇರುವುದಲ್ಲ, ವಾರಕ್ಕೊಮ್ಮೆಯಾದರೂ ಕೈಯಲ್ಲಿ ಆಡಿದ್ದು. ಹಾಗೆ ಆಡಿಸಲು ಹೊರಟರೆ ಮೊದಲನೆಯದರ ಹೊತ್ತನ್ನೇ ಕಿತ್ತುಕೊಡಬೇಕು. ಇಲ್ಲಿಗೆ ಬಂದು ಲೆಕ್ಕ ಸಿಕ್ಕುಗಟ್ಟುತ್ತದೆ.

ಮೂರು ವರ್ಷದ ಬಳಿಕ ಪ್ಯಾರಿಸ್‌ನಲ್ಲಿ ಇದೇ ಮನು ಎರಡು ಪಿಸ್ತೂಲಿನೊಂದಿಗೆ ಮೂರು ಸ್ಪರ್ಧೆಗೆ ಇಳಿದಳು. 2024ರ ಜುಲೈ 28ರಂದು 10 ಮೀಟರ್‌ನಲ್ಲಿ ಕಂಚು. ಶೂಟಿಂಗ್‌ನಲ್ಲಿ ಭಾರತದ ಮಹಿಳೆಯೊಬ್ಬಳಿಗೆ ಸಿಕ್ಕಿದ ಮೊದಲ ಒಲಿಂಪಿಕ್ ಪದಕ. ಜುಲೈ 30ರಂದು ಸರಬ್‌ಜೋತ್ ಸಿಂಗ್ ಜತೆ ಮಿಶ್ರ ತಂಡದಲ್ಲಿ ಮತ್ತೊಂದು ಕಂಚು. ಎರಡೂ ಏರ್ ಪಿಸ್ತೂಲಿನಿಂದಲೇ ಬಂದವು. .22 ಹಿಡಿದ 25 ಮೀಟರ್ ಸ್ಪರ್ಧೆಯಲ್ಲಿ ನಾಲ್ಕನೆಯ ಸ್ಥಾನ.

ಬಂದೂಕು ಕೈಕೊಡುವ ಕಥೆ ನಮ್ಮವರಿಗೆ ಹೊಸದಲ್ಲ. 2008ರ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಫೈನಲ್‌ಗೆ ಮುನ್ನ ಅಭ್ಯಾಸದ ಗುಂಡು ಹಾರಿಸಿದಾಗ ಅದು ಎಲ್ಲೋ ಬಿತ್ತು, ಸೈಟ್ ಕದಲಿತ್ತು. ಇದ್ದ ನಾಲ್ಕಾರು ನಿಮಿಷದಲ್ಲಿ ಅದನ್ನು ತಿರುಗಿಸಿ ತಹಬಂದಿಗೆ ತಂದರು. ಕೊನೆಯ ಗುಂಡಿಗೆ 10.8, ಒಟ್ಟು 700.5, ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ. ಎಂಟು ವರ್ಷದ ನಂತರ ರಿಯೊದಲ್ಲಿ ಸ್ಪರ್ಧೆಯ ದಿನವೇ ಅವರ ರೈಫಲ್ಲಿನ ಸೈಟ್ ಮುರಿಯಿತು. ಬದಲಿ ಸೈಟ್ ಹಾಕಿ ಹೊಡೆದರು. ನಾಲ್ಕನೆಯವರಾದರು.

ಅದಕ್ಕೇ ಈ ಬಳಗದ ಅನುಭವಿಗಳ ಚೀಲದಲ್ಲಿ ಎರಡನೇ ಬಂದೂಕಿಗಿಂತ ಮೊದಲು ಒಂದು ಸಣ್ಣ ಡಬ್ಬಿ ಇರುತ್ತದೆ. ಸ್ಪ್ರಿಂಗು, ಸ್ಕ್ರೂ, ಓ-ರಿಂಗು, ಅಲೆನ್ ಕೀ, ಬದಲಿ ಸೈಟು. ಹಳ್ಳಿಯ ಲಾರಿ ಡ್ರೈವರಣ್ಣನ ಸೀಟಿನಡಿಯ ಸಾಮಾನಿನ ಹಾಗೆ.

ತೋಟಾಕ್ಕೂ ಜಾತಕ

.22 ರೈಫಲ್ ಹಿಡಿಯುವವರ ಲೋಕ ಇನ್ನೂ ವಿಚಿತ್ರ. ಅಲ್ಲಿ ಕೋವಿಗೂ ಗುಂಡಿಗೂ ಜಾತಕ ಕೂಡಬೇಕು. ಒಂದೇ ಕಾರ್ಖಾನೆಯ ಒಂದೇ ಬಗೆಯ ಗುಂಡಾದರೂ ಒಂದೊಂದು ಲಾಟ್ ಒಂದೊಂದು ನಳಿಗೆಯಲ್ಲಿ ಒಂದೊಂದು ಥರ ಓಡುತ್ತದೆ. ಹಾಗಾಗಿ ರೈಫಲ್ಲಿನ ನಳಿಗೆಯನ್ನು ಕಬ್ಬಿಣದ ಇಕ್ಕಳಕ್ಕೆ ಬಿಗಿದು, ಮನುಷ್ಯನ ನಡುಕ ತಾಗದಂತೆ, ಲಾಟ್ ಮೇಲೆ ಲಾಟ್ ಹೊಡೆದು ನೋಡುತ್ತಾರೆ. ಯಾವುದರ ತೂತುಗಳು ಒತ್ತೊತ್ತಾಗಿ ಬೀಳುತ್ತವೋ ಆ ಲಾಟನ್ನೇ ಸಾವಿರಗಟ್ಟಲೆ ಕೊಂಡಿಡುತ್ತಾರೆ. ಎರಡು ರೈಫಲ್ ಇದ್ದರೆ ಎರಡು ಜಾತಕ, ಎರಡು ದಾಸ್ತಾನು.

ಕೊಲ್ಹಾಪುರ ಜಿಲ್ಲೆಯ ಹಳ್ಳಿಯಿಂದ ಬಂದ, ಆಗ ರೈಲ್ವೆಯಲ್ಲಿ ಟಿಕೆಟ್ ನೋಡುವ ಕೆಲಸದಲ್ಲಿದ್ದ ಸ್ವಪ್ನಿಲ್ ಕುಸಾಳೆ ಪ್ಯಾರಿಸ್‌ನಲ್ಲಿ ಕಂಚು ಗೆದ್ದ 50 ಮೀಟರ್ ಸ್ಪರ್ಧೆಯಲ್ಲಿ ಮೂರು ಭಂಗಿಗಳಿವೆ: ಮೊಣಕಾಲೂರಿ, ಮಲಗಿ, ನಿಂತು. ಅರ್ಹತಾ ಸುತ್ತಿನಲ್ಲಿ ಭಂಗಿಗೆ ಇಪ್ಪತ್ತರಂತೆ 60 ಗುಂಡು. ಮೂರಕ್ಕೂ ಒಂದೇ ರೈಫಲ್. ಹೆಗಲಿಗೆ ಒರಗುವ ಪಟ್ಟಿ, ಕೆನ್ನೆಯ ಮಣೆ, ಕೈಯ ಆಸರೆ ಮಾತ್ರ ಹಿಂದೆ ಮುಂದೆ ಸರಿಯುತ್ತವೆ. ಮೂರು ಕೋವಿ ಮಾಡುವ ಕೆಲಸವನ್ನು ಒಂದೇ ಕೋವಿ ವೇಷ ಬದಲಿಸಿ ಮಾಡಿದ ಹಾಗೆ.

ಎಷ್ಟು ಬಂದೂಕು ಬೇಕೆಂಬುದನ್ನು ಕೆಲವೊಮ್ಮೆ ಎಲ್ಲೋ ಕೂತ ಸಮಿತಿ ತೀರ್ಮಾನಿಸಿಬಿಡುತ್ತದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು 50 ಮೀಟರ್ ಪಿಸ್ತೂಲಿನಲ್ಲಿ, ರಿಯೊ ಒಲಿಂಪಿಕ್ಸ್‌ಗೆ ಹೋದದ್ದೂ ಅದರಲ್ಲೇ. ರಿಯೊ ಆದ ಮೇಲೆ ಆ ಸ್ಪರ್ಧೆಯೇ ಒಲಿಂಪಿಕ್ಸ್‌ನಿಂದ ಹೊರಗೆ ಬಿತ್ತು. 2004ರಲ್ಲಿ ರಾಜ್ಯವರ್ಧನ್ ರಾಥೋಡ್‌ಗೆ ಬೆಳ್ಳಿ ತಂದ ಡಬಲ್ ಟ್ರ್ಯಾಪ್‌ಗೂ ಅದೇ ಗತಿ. ವರ್ಷಗಟ್ಟಲೆ ಪಳಗಿಸಿದ ಬಂದೂಕು ಒಂದು ಸುತ್ತೋಲೆಗೆ ಅಟ್ಟ ಸೇರುತ್ತದೆ.

ಪ್ಯಾರಿಸ್‌ನಿಂದ ಜಗತ್ತು ಎತ್ತಿಕೊಂಡದ್ದು ಮಾತ್ರ ಇನ್ನೊಂದು ಚಿತ್ರ. ತುರ್ಕಿಯ ಯೂಸುಫ್ ದಿಕೆಚ್. ಟೀ ಶರ್ಟು, ಮಾಮೂಲಿ ಕನ್ನಡಕ, ಒಂದು ಕೈ ಜೇಬಿನಲ್ಲಿ. ಮನೆಯಿಂದ ಹಾಲು ತರಲು ಹೊರಟವನು ಹಾಗೇ ಬಂದು ಬೆಳ್ಳಿ ಹೊಡೆದ ಎಂದು ಮೊಬೈಲುಗಳೆಲ್ಲ ನಕ್ಕವು. ಆತನಿಗೆ ಅದು ಐದನೇ ಒಲಿಂಪಿಕ್ಸ್, ಮೊದಲನೆಯದು 2008ರಲ್ಲಿ. ಕೈಯಲ್ಲಿದ್ದದ್ದು ಎಲ್ಲರ ಬಳಿ ಇರುವಂಥದೇ ಸ್ಪರ್ಧೆಯ ಏರ್ ಪಿಸ್ತೂಲು. ಜೇಬಿನ ಕೈಯೂ ಶೋಕಿಯಲ್ಲ. ಪಿಸ್ತೂಲು ಒಂದೇ ಕೈಯ ಆಟ, ಇನ್ನೊಂದು ಕೈ ಅಲುಗದಂತೆ ಎಲ್ಲಾದರೂ ಇಡಲೇಬೇಕು.

ಎರಡೇ ಎಂದಿತು ದಿಲ್ಲಿ

ನಮ್ಮ ದೇಶದಲ್ಲಿ ಎಷ್ಟು ಒಯ್ಯಬೇಕು ಎಂಬುದಕ್ಕಿಂತ ಮೊದಲು ಎಷ್ಟು ಇರಬಹುದು ಎಂಬ ಪ್ರಶ್ನೆ ಬರುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಪಡೆದವನು ಮೂರು ಇಟ್ಟುಕೊಳ್ಳಬಹುದಿತ್ತು. 2019ರ ತಿದ್ದುಪಡಿ ಅದನ್ನು ಎರಡಕ್ಕಿಳಿಸಿತು. ಮೊದಲ ಕರಡಿನಲ್ಲಿ ಒಂದೇ ಎಂದಿತ್ತು. ಗಲಾಟೆಯಾದ ಮೇಲೆ ಎರಡಾಯಿತು. ಮೂರನೆಯದಿದ್ದವರು ಠಾಣೆಗೋ ಪರವಾನಗಿ ಪಡೆದ ಮಾರಾಟಗಾರರಿಗೋ ಒಪ್ಪಿಸಬೇಕು. ಅಜ್ಜ, ಅಪ್ಪ, ಚಿಕ್ಕಪ್ಪ ಬಿಟ್ಟುಹೋದ ಕೋವಿಗಳಿದ್ದ ಮನೆಗಳಲ್ಲಿ ಯಾವುದನ್ನು ಉಳಿಸಿಕೊಳ್ಳುವುದು, ಯಾವುದನ್ನು ಕೊಡುವುದು ಎಂಬ ಪಂಚಾಯಿತಿಯೇ ನಡೆಯಿತು.

ಮಲೆನಾಡಿನಲ್ಲೂ ಕರಾವಳಿಯಲ್ಲೂ ಬೆಳೆ ರಕ್ಷಣೆಗೆ ಕೋವಿ ಇಟ್ಟುಕೊಂಡ ರೈತರಿಗೆ ಈ ಲೆಕ್ಕ ಐದು ವರ್ಷಕ್ಕೆ ಎರಡು ಮೂರು ಬಾರಿ ಬೇರೆಯೇ ರೂಪದಲ್ಲಿ ಎದುರಾಗುತ್ತದೆ. ಚುನಾವಣೆ ಘೋಷಣೆಯಾದ ಕೂಡಲೇ ಎಷ್ಟು ಕೋವಿ ಒಯ್ಯಬೇಕು? ಇರುವಷ್ಟೂ, ಠಾಣೆಗೆ. ಮತ ಎಣಿಕೆ ಮುಗಿಯುವವರೆಗೆ ಮಂಗಕ್ಕೂ ಕಾಡುಹಂದಿಗೂ ನೀತಿಸಂಹಿತೆ ಇಲ್ಲ ಎಂದು ಅಡಿಕೆ ತೋಟದವರು ಗೊಣಗುತ್ತಾರೆ. ಗೊಣಗಾಟದಲ್ಲಿ ನ್ಯಾಯ ಇಲ್ಲದಿಲ್ಲ.

---

ಲೆಕ್ಕದ ಪುಸ್ತಕ

- ಎರಡರ ಮಿತಿಗೆ ವಿನಾಯಿತಿಯಾಗಿ, 2020ರ ಫೆಬ್ರುವರಿಯ ಅಧಿಸೂಚನೆಯಂತೆ ಒಂದು ವಿಭಾಗದಲ್ಲಿ ಹೆಸರು ಮಾಡಿದ ಶೂಟರ್ 8, ಎರಡರಲ್ಲಾದರೆ 10, ಅದಕ್ಕೂ ಹೆಚ್ಚಾದರೆ 12 ಬಂದೂಕು ಹೊಂದಬಹುದು. ಎಳೆಯ ಶೂಟರ್‌ಗಳಿಗೆ 2.
- 4.5 ಮಿಲಿಮೀಟರ್ ನಳಿಗೆಯ, 20 ಜೂಲ್ ಶಕ್ತಿ ಮೀರದ ಏರ್‌ಗನ್‌ಗೆ ಪರವಾನಗಿ ಬೇಡ.
- ವಿಮಾನದಲ್ಲಿ ಬಂದೂಕು ಕೈಚೀಲಕ್ಕೆ ಬರುವಂತಿಲ್ಲ. ಗುಂಡು ತೆಗೆದು, ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಮೊದಲೇ ತಿಳಿಸಿ ಲಗೇಜಿಗೆ ಕೊಡಬೇಕು. ಅಂತರರಾಷ್ಟ್ರೀಯ ನಿಯಮದಂತೆ ಒಬ್ಬರಿಗೆ 5 ಕಿಲೊ ಗುಂಡು.
- ಏರ್‌ಗನ್‌ನ ಗಾಳಿ ಸಿಲಿಂಡರ್‌ಗೂ ಆಯುಸ್ಸಿದೆ: 10 ವರ್ಷ.

---

ಕಾವೇರಿ ಸೀಮೆಯ ವಿನಾಯಿತಿ

ಕೊಡಗಿನ ಕಥೆ ಬೇರೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ನುಂಗಿದರು. 1857ರ ಬಂಡಾಯದ ಬಳಿಕ ದೇಶವನ್ನೆಲ್ಲ ನಿಶ್ಶಸ್ತ್ರಗೊಳಿಸುವ ಕಾನೂನು ತಂದರು. ಆದರೆ 1861ರ ಫೆಬ್ರುವರಿ 26ರಂದು, ಮೈಸೂರಿನ ಜತೆಗೆ ಕೊಡಗಿನ ಆಡಳಿತವನ್ನೂ ನೋಡುತ್ತಿದ್ದ ಮಾರ್ಕ್ ಕಬ್ಬನ್, ಕೊಡಗಿನವರಿಗೆ ಆ ಕಾನೂನಿನಿಂದ ವಿನಾಯಿತಿ ಕೊಟ್ಟ. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟವನು ಇವನೇ. ವಿನಾಯಿತಿಯ ಹಿಂದೆ ಔದಾರ್ಯ ಎಷ್ಟಿತ್ತೋ, ನಂಬಿಗಸ್ತರನ್ನು ಕೈಯಲ್ಲಿಟ್ಟುಕೊಳ್ಳುವ ಲೆಕ್ಕವೂ ಅಷ್ಟೇ ಇತ್ತು ಎನ್ನಬೇಕು.

ಸ್ವಾತಂತ್ರ್ಯದ ನಂತರ 1963ರ ಅಧಿಸೂಚನೆ ಅದನ್ನು ಮುಂದುವರಿಸಿತು. ಕೊಡವರಿಗೂ ಜಮ್ಮಾ ಎಂಬ ಪರಂಪರಾಗತ ಭೂಹಿಡುವಳಿ ಇರುವವರಿಗೂ ಪರವಾನಗಿ ಬೇಡ. 2019ರ ಅಕ್ಟೋಬರಿನಲ್ಲಿ ಕೇಂದ್ರ ಗೃಹ ಇಲಾಖೆ ಅದನ್ನು 2029ರವರೆಗೆ ವಿಸ್ತರಿಸಿತು. ಇದು ಸಮಾನತೆಗೆ ವಿರುದ್ಧ ಎಂಬ ಅರ್ಜಿಯನ್ನು 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ತಳ್ಳಿಹಾಕಿತು.

ಈ ವಿನಾಯಿತಿಯ ಒಳಗೇ ನಮ್ಮ ಪ್ರಶ್ನೆಗೆ ಸರ್ಕಾರಿ ಉತ್ತರವೊಂದು ಅಡಗಿದೆ. ವಿನಾಯಿತಿ ಪಡೆದವರು ಕೊಡಗಿನ ಗಡಿ ದಾಟಿದರೆ ಒಂದು ರೈಫಲ್, ಅದಕ್ಕೆ 100 ಗುಂಡು. ಒಂದು ನಯನಳಿಗೆಯ ಕೋವಿ, ಅದಕ್ಕೆ 500 ತೋಟಾ. ಅದಕ್ಕೆ ಮೇಲಿಲ್ಲ. ದೂರದ ಗುರಿಗೊಂದು, ಹತ್ತಿರದ ಗುರಿಗೊಂದು. ಬರೆದ ಗುಮಾಸ್ತ ಯಾರೋ ಗೊತ್ತಿಲ್ಲ, ಬೇಟೆ ಬಲ್ಲವನೇ ಇರಬೇಕು.

ಕೈಲ್ ಪೊಳ್ದ್, ಅಂದರೆ ಕೈಲ್ ಮುಹೂರ್ತ, ಆಯುಧಗಳ ಹಬ್ಬ. ಗದ್ದೆಯ ಕೆಲಸ ಮುಗಿದು ಕೋವಿ, ಕತ್ತಿಗಳನ್ನು ಕೈಗೆತ್ತಿಕೊಳ್ಳುವ ದಿನ. ಅವನ್ನು ಒರೆಸಿ ದೇವರ ಕೋಣೆಯಾದ ಕನ್ನಿಕೊಂಬರೆಯಲ್ಲಿಟ್ಟು ತೋಕ್ ಪೂ ಮುಡಿಸುತ್ತಾರೆ. ತೋಕ್ ಎಂದರೆ ಕೊಡವ ಭಾಷೆಯಲ್ಲಿ ಕೋವಿ. ಬೆಂಕಿಯ ನಾಲಿಗೆಯಂತೆ ಹಳದಿ ಕೆಂಪು ಎಸಳು ಚಾಚಿ ಈ ದಿನಗಳಲ್ಲೇ ಬೇಲಿಯಲ್ಲಿ ಅರಳುವ ಗೌರಿಹೂವು ಅದು. ಪೂಜೆ, ಕಡಂಬುಟ್ಟು, ಪಂದಿಕರಿ ಆದ ಮೇಲೆ ಜನ ಮಂದ್ ಎಂಬ ಊರ ಬಯಲಿಗೋ ಮೈದಾನಕ್ಕೋ ಹೊರಡುತ್ತಾರೆ. ಸ್ಪರ್ಧೆಯಲ್ಲಿ .22, 12 ಬೋರಿನ ತೋಟಾ ಕೋವಿ, ಏರ್‌ಗನ್ ಎಂದು ವಿಭಾಗಗಳು. ಏರ್‌ಗನ್‌ಗೆ ಕೆಲವೆಡೆ ಗುರಿ ತೆಂಗಿನಕಾಯಿಯಲ್ಲ, ಕೋಳಿಮೊಟ್ಟೆ.

ಕೊಡಗಿನಲ್ಲಿ ಕೋವಿ ಬರೀ ಹೊಡೆಯುವ ಸಾಮಾನಲ್ಲ, ಸುದ್ದಿ ಸಾರುವ ಗಂಟಲೂ ಹೌದು. ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಬೆನ್ನುಬೆನ್ನಿಗೆ ಎರಡು. ಸುಗ್ಗಿಯ ಹಬ್ಬವಾದ ಪುತ್ತರಿಯ ರಾತ್ರಿ ಗದ್ದೆಯಲ್ಲಿ ಕದಿರು ತೆಗೆಯುವಾಗಲೂ ಈಡು. ಹೆಣ್ಣು ಮಗುವಿಗೂ ಹಾರಿಸಿದರೆ ತೋಟಾ ಏನು ಸವೆದುಹೋಗುತ್ತದೆಯೇ ಎಂದು ನಾನು ಕೇಳಿದ್ದಕ್ಕೆ ಪಕ್ಕದಲ್ಲಿದ್ದ ಹಿರಿಯರ ಸೊಸೆ ‘ಈಗ ನಮ್ಮಲ್ಲಿ ಹಾರಿಸ್ತೇವೆ’ ಎಂದರು. ಹಿರಿಯರು ಮರದ ಕಡೆ ನೋಡುತ್ತಿದ್ದರು.

ಬೆನ್ನ ಹಿಂದಿನ ಕೋವಿ

ಮೈದಾನದಲ್ಲಿ ನಾಲ್ಕೇ ಕೋವಿ ಏಕೆ? ಬಂದವರಲ್ಲಿ ಅರ್ಧ ಜನರ ಮನೆಯಲ್ಲಿ ಕೋವಿ ಇದೆ. ಎಲ್ಲರೂ ತಂದಿದ್ದರೆ ಒಂದು ಸಣ್ಣ ಸೈನ್ಯಕ್ಕೆ ಸಾಲುತ್ತಿತ್ತು.

ಸಂಘಟಕರಲ್ಲಿ ಒಬ್ಬರು ಸೇನೆಯಿಂದ ನಿವೃತ್ತರಾದವರು. ‘ಕಣ್ಣು ಎಷ್ಟು ಕೋವಿ ಮೇಲೆ ಇಡಲು ಸಾಧ್ಯವೋ ಅಷ್ಟೇ ಕೋವಿ’ ಎಂದರು. ಹೆಗಲಿಗೇರಿದ ಕೋವಿಯನ್ನು ಎಲ್ಲರೂ ನೋಡುತ್ತಿರುತ್ತಾರೆ. ಕಾರಿನ ಸೀಟಿನಲ್ಲಿ, ಮರದ ಬುಡದಲ್ಲಿ ಒರಗಿಸಿಟ್ಟ ಕೋವಿಯನ್ನು ಯಾರೂ ನೋಡುವುದಿಲ್ಲ. ಮಕ್ಕಳು ನೋಡುತ್ತಾರೆ. ಅಂತರರಾಷ್ಟ್ರೀಯ ರೇಂಜುಗಳಲ್ಲಿ ಸುಮ್ಮನೆ ಇಟ್ಟ ಬಂದೂಕಿನ ಬಾಯಿಗೂ ಕಣ್ಣಿಗೆ ಹೊಡೆಯುವ ಬಣ್ಣದ ಎಳೆಯೊಂದು ತೂರಿಸಿರಬೇಕು, ಒಳಗೆ ಏನೂ ಇಲ್ಲ ಎಂದು ದೂರದಿಂದಲೇ ಕಾಣಲು. ಇಲ್ಲಿ ಆ ಎಳೆ ಇರಲಿಲ್ಲ. ಅದರ ಬದಲು ಮೇಜಿನ ಮೇಲೆ ನಳಿಗೆ ಮಡಿಸಿದ ತೋಟಾ ಕೋವಿಗಳು ಬಾಯಿ ತೆರೆದು ಮಲಗಿದ್ದವು.

ಇನ್ನೊಂದು ಕಾರಣ ಹಿರಿಯರು ಕೊಟ್ಟರು. ‘ನೂರು ಈಡು ಹೊಡೆದರೂ ತೊಳೆಯುವುದು ಒಂದನ್ನೇ. ನಾಲ್ಕು ಕೋವಿಯಲ್ಲಿ ಒಂದೊಂದೇ ಈಡು ಹೊಡಿ, ನಾಲ್ಕನ್ನೂ ತೊಳೆಯಬೇಕಲ್ಲ.’ ಕೊಡಗಿನ ಸೆಪ್ಟೆಂಬರಿನಲ್ಲಿ ಒದ್ದೆ ಗಾಳಿಗೆ ಹಪ್ಪಳವೇ ಒಂದು ಗಂಟೆ ಗರಿಗರಿ ಇರುವುದಿಲ್ಲ. ಒರೆಸದೆ ಇಟ್ಟ ನಳಿಗೆಗೆ ತುಕ್ಕು ಹಿಡಿಯಲು ಎಷ್ಟು ಹೊತ್ತು?

ನನ್ನ ಹೆಸರೂ ಚೀಟಿಯಲ್ಲಿತ್ತು. 12 ಬೋರಿನ ಜೋಡುನಳಿಗೆ ಹೆಗಲಿಗೆ ಒತ್ತಿಕೊಂಡಾಗ ಅದರ ಮರದ ಹಿಡಿ ಬೆಚ್ಚಗಿತ್ತು. ನನಗಿಂತ ಮೊದಲು ಹಿಡಿದ ಹತ್ತಾರು ಕೆನ್ನೆಗಳ ಬಿಸಿ. ‘ಇದು ಎತ್ತ ಎಳೀತದೆ?’ ಎಂದು ಕೇಳಿದೆ. ‘ಇದು ಎತ್ತಲೂ ಎಳೆಯುವುದಿಲ್ಲ’ ಎಂದರು ಯಜಮಾನರು, ‘ಹೊಡೆಯುವವರು ಎಳೀತಾರೆ.’

ಹೆಗಲಿಗೆ ಗುದ್ದು ಬಿತ್ತು. ಮರದಿಂದ ನಾಲ್ಕು ಎಲೆ ಉದುರಿದವು. ಕಾಯಿ ಹಾಗೇ ಇತ್ತು.

ಸಂಜೆ ಐದಕ್ಕೆ ಮತ್ತೆ ಮಳೆ ಹನಿಯತೊಡಗಿತು. ಫೈನಲ್ ಇನ್ನೂ ಬಾಕಿ. ನಿವೃತ್ತ ಸೈನಿಕರು ಡಬ್ಬಿ ಮಗುಚಿ ಮೇಜಿನ ಮೇಲೆ ತೋಟಾ ಎಣಿಸಿದರು. ಹನ್ನೊಂದು. ಸಾಲಿನಲ್ಲಿ ಹದಿನಾಲ್ಕು ಮಂದಿ ಉಳಿದಿದ್ದರು. ಯಾರ ಮನೆ ಹತ್ತಿರ, ಯಾರು ಬೈಕಿನಲ್ಲಿ ಹೋಗಿ ತರುತ್ತಾರೆ ಎಂಬ ಚರ್ಚೆ ಶುರುವಾಯಿತು. ಹಿರಿಯರು ಅಷ್ಟರಲ್ಲಿ ಪಂಚೆಯ ತುದಿಯಿಂದ ತಮ್ಮ .22ರ ನಳಿಗೆ ಒರೆಸಿ, ಎದ್ದು, ಮಡಚಿದ ಕೊಡೆಯನ್ನು ಅದರ ಮೇಲೆ ಬಿಚ್ಚಿ ಹಿಡಿದರು. ತಾವು ನೆನೆಯುತ್ತಾ ನಿಂತರು.